ಸೀಸ ಸಿಕ್ಕಾಗ ನಕ್ಕವಳು

ನಮ್ಮ ಬೀದಿಯ ನೀರಲ್ಲಿ ಸೀಸ ಸಿಕ್ಕ ಗಳಿಗೆಯಲ್ಲಿ ನನ್ನ ತಮ್ಮನ ಹೆಂಡತಿ ನಕ್ಕಳು. ಬಾಯಿಗೆ ಕೈ ಅಡ್ಡ ಹಿಡಿದ ನಗೆಯಲ್ಲ. ಪ್ರಯೋಗಾಲಯದ ಕಲ್ಲಿನ ಕಟ್ಟೆಗೆ ಅಂಗೈ ಬಡಿದು, "ಸಿಕ್ತು ಕಣ್ರೀ, ಸಿಕ್ತು!" ಅಂತ ಗಂಟಲು ಬಿಚ್ಚಿ ನಕ್ಕಳು.

ಅವಳ ಪಕ್ಕದ ಸ್ಟೂಲಿನ ಮೇಲೆ ನಮ್ಮ ಬೀದಿಯ ಟೈಲರ್ ಕೂತಿದ್ದ. ಬೀದಿಯ ಮನೆಮನೆಯ ನೀರು ತುಂಬಿದ ಬಾಟಲಿಗಳ ಚೀಲ ಹೊತ್ತು ತಂದವನು ಅವನೇ. ಅವನ ಒಬ್ಬಳೇ ಮಗಳು ಹೊಟ್ಟೆ ಹಿಡಿದುಕೊಂಡು ಆಸ್ಪತ್ರೆಯಲ್ಲಿ ಮಲಗಿದ್ದಳು. ರಕ್ತದಲ್ಲಿ ಸೀಸ ಇದೆ, ಎಲ್ಲಿಂದ ಬಂತು ಹುಡುಕಿ ಅಂದಿದ್ದರು ಡಾಕ್ಟರು.

ಟೈಲರ್ ಎದ್ದು ನಿಂತ. ಖಾಲಿ ಚೀಲ ಮಡಚಿ ಕಂಕುಳಲ್ಲಿಟ್ಟುಕೊಂಡ. "ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಅಂತಾರಲ್ಲ ಅಕ್ಕ, ಅದನ್ನ ಇವತ್ತು ಕಣ್ಣಾರೆ ನೋಡಿದೆ," ಅಂತ ನನಗೆ ಹೇಳಿ, ಅವಳ ಕಡೆ ತಿರುಗಿಯೂ ನೋಡದೆ ಹೊರಟುಹೋದ. ಸಂಜೆಯೊಳಗೆ ಬೀದಿಗೆಲ್ಲ ಗೊತ್ತಾಯಿತು: ನಮ್ಮ ಮಕ್ಕಳು ವಿಷ ಕುಡಿದಿದ್ದಾರೆ ಅಂತ ಗೊತ್ತಾದಾಗ ಆಯಮ್ಮ ಕುಣಿದಳಂತೆ.

ಅವಳು ಕುಣಿಯಲಿಲ್ಲ. ಆದರೆ ನಕ್ಕಿದ್ದು ನಿಜ. ನಾನೂ ಅಲ್ಲೇ ಇದ್ದೆ.

ಬೀದಿಯಲ್ಲಿ ಅವಳಿಗೆ ಇದ್ದ ಹೆಸರು "ತಡೀರಿ ಮೇಡಂ". ಏನು ಕೇಳಿದರೂ ಅವಳ ಬಾಯಿಂದ ಮೊದಲು ಬರುವ ಮಾತು "ತಡೀರಿ". ಮಳೆ ಬರುತ್ತಾ ಅಂದರೆ ತಡೀರಿ. ಈ ಮಾತ್ರೆ ಒಳ್ಳೇದಾ ಅಂದರೆ ತಡೀರಿ. ಅವಳಪ್ಪ ಲಾರಿ ಮೆಕ್ಯಾನಿಕ್. ಗ್ಯಾರೇಜಿನ ಎಣ್ಣೆ ಕುಡಿದ ನೆಲದ ಮೇಲೆ ಕೂತು ಪಾಠ ಓದಿದವಳು ಅವಳು. ಅಪ್ಪ ಒಂದು ಬಿಡಿಭಾಗ ಬದಲಾಯಿಸಿ ಲಾರಿ ಸ್ಟಾರ್ಟ್ ಆದರೆ ಡ್ರೈವರ್ ಖುಷಿಪಡುತ್ತಿದ್ದ, ಅಪ್ಪ ಪಡುತ್ತಿರಲಿಲ್ಲವಂತೆ. "ಹೊಸದು ಹಾಕಿದ್ದಕ್ಕೆ ಸರಿಹೋಯ್ತೋ, ಬಿಚ್ಚಿ ಕಟ್ಟಿದ್ದಕ್ಕೆ ಸರಿಹೋಯ್ತೋ?" ಅಂತ ಗೊಣಗಿ, ಹಳೇದನ್ನೇ ಮತ್ತೆ ಹಾಕಿ ನೋಡುತ್ತಿದ್ದನಂತೆ. ಗಿರಾಕಿಗಳು ಬೈದು ಬೇರೆ ಗ್ಯಾರೇಜಿಗೆ ಹೋಗುತ್ತಿದ್ದರು. ಮಗಳಿಗೆ ಆಸ್ತಿ ಅಂತ ಬಂದದ್ದು ಆ ಗೊಣಗಾಟ ಒಂದೇ.

ನಮ್ಮ ಮನೆ ಸೇರಿದ ಹೊಸತರಲ್ಲಿ ಬಚ್ಚಲಿನ ಬಲ್ಬು ಪದೇಪದೇ ಹೋಗುತ್ತಿತ್ತು. ಇವಳು ಹೊಸ ಬಲ್ಬು ಹಾಕೋದು ಬಿಟ್ಟು ಸತ್ತ ಬಲ್ಬುಗಳನ್ನು ಕಿಟಕಿಯಲ್ಲಿ ಸಾಲಾಗಿ ಇಟ್ಟಳು. ನಮ್ಮಮ್ಮ ಮನೆಗೆ ಬಂದವರಿಗೆಲ್ಲ ಹೇಳುತ್ತಿದ್ದಳು: "ನಮ್ಮ ಸೊಸೆ ಬಲ್ಬು ಹಾಕಲ್ಲ, ಪೋಸ್ಟ್‌ಮಾರ್ಟಮ್ ಮಾಡ್ತಾಳೆ. ಅಲ್ಲೀತನಕ ಕತ್ತಲಲ್ಲೇ ಸ್ನಾನ."

ಅವಳ ಕೆಲಸ ನೀರು ಪರೀಕ್ಷಿಸುವ ಪ್ರಯೋಗಾಲಯದಲ್ಲಿ. ಉದ್ದನೆಯ ಕೋಣೆ, ಆಸಿಡ್ಡಿನಲ್ಲಿ ತೊಳೆದು ಬೋರಲು ಹಾಕಿದ ಬಾಟಲಿಗಳು, ಮೂಗಿಗೆ ಹುಳಿಹುಳಿ ಹೊಡೆಯುವ ಗಾಳಿ, ಮೂಲೆಯಲ್ಲಿ ಸರಪಳಿ ಕಟ್ಟಿದ ಗ್ಯಾಸ್ ಸಿಲಿಂಡರುಗಳು. ನಡುವೆ ಒಂದು ಯಂತ್ರ. ಸಣ್ಣ ಕೊಳವೆಯಿಂದ ನೀರು ಹೀರಿ ನೀಲಿ ಜ್ವಾಲೆಗೆ ಊದುತ್ತದೆ. ನೀರಲ್ಲಿ ಸೀಸ ಇದ್ದರೆ ಪರದೆಯ ಮೇಲಿನ ಅಂಕಿ ಏರುತ್ತದೆ, ಇಲ್ಲದಿದ್ದರೆ ಸೊನ್ನೆಯ ಹತ್ತಿರ ತೂಕಡಿಸುತ್ತದೆ. ವರ್ಷದ ಬಹುಪಾಲು ದಿನ ತೂಕಡಿಕೆಯೇ. ಅವಳು ಅದರ ಎದುರು ಕೂತು ಬಾಟಲಿ ಬದಲಾಯಿಸುತ್ತಾ ಇರುತ್ತಾಳೆ, ಮೀನು ಬೀಳದ ಕೆರೆಯಲ್ಲಿ ಗಾಳ ಹಾಕಿದವರ ಹಾಗೆ.

ಈಗ ನಮ್ಮ ಬೀದಿಯ ಕತೆ ಹೇಳಬೇಕು.

ಮೊದಲು ನಮಗೆಲ್ಲ ಇದ್ದದ್ದು ಬೀದಿ ಮೂಲೆಯ ಒಂದೇ ಕಬ್ಬಿಣದ ನಲ್ಲಿ. ಬಿಂದಿಗೆಗೆ ಬಿಂದಿಗೆ ತಾಗಿ ಜಗಳ, ಜಗಳಕ್ಕೆ ಜಗಳ ತಾಗಿ ಪೊಲೀಸ್ ಠಾಣೆ. ಮನೆಗೊಂದು ನಲ್ಲಿ ಬೇಕು ಅಂತ ನೀರಿನ ಕಚೇರಿ ಎದುರು ಕೂತೆವು, ಲಾಠಿ ತಿಂದೆವು, ಒಳಗೆ ಹೋಗಿ ಬಂದೆವು. ಮುಂದೆ ನಿಂತವರು ಮೇಷ್ಟ್ರು. ಶಾಲೆಯಿಂದ ನಿವೃತ್ತರಾದರೂ ದನಿ ನಿವೃತ್ತಿ ಆಗಿರಲಿಲ್ಲ. ಕೊನೆಗೆ ಕಚೇರಿ ಮಣಿಯಿತು. ಮನೆಮನೆಗೆ ಹಳದಿ ಹಿತ್ತಾಳೆಯ ನಲ್ಲಿ, ಫಳಫಳ. ಮೊದಲ ನಲ್ಲಿ ತಿರುಗಿಸುತ್ತಿರುವ ಮೇಷ್ಟ್ರ ಫೋಟೋ ಅವರ ಮನೆ ಗೋಡೆಯ ಮೇಲೆ ಇವತ್ತಿಗೂ ಇದೆ. ನಾವು ಗೆಲ್ಲೋದೇ ಅಪರೂಪ. ಗೆದ್ದಾಗ ಫೋಟೋ ತೆಗೆಸಿಕೊಳ್ಳದೆ ಇನ್ಯಾವಾಗ?

ಆಮೇಲೆ ಬೀದಿ ಮೂಲೆಗೆ ಬ್ಯಾಟರಿ ಶೆಡ್ಡು ಬಂತು. ಹಳೇ ಬ್ಯಾಟರಿ ಒಡೆದು ಸೀಸ ಕರಗಿಸುವ ಜಾಗ. ಹೊಗೆ, ಕರಿ ನೀರು, ತಡೆಯಲಾಗದ ವಾಸನೆ. ಅದಾದ ಮೇಲೆ ಮಕ್ಕಳು ಒಬ್ಬೊಬ್ಬರೇ ಸೊರಗತೊಡಗಿದರು. ಹೊಟ್ಟೆ ನುಲಿತ, ಮಂಕು, ಬೆಂಚಿನ ಮೇಲೆ ತಲೆಯಿಟ್ಟು ನಿದ್ದೆ. ಟೈಲರ್ ಮಗಳದ್ದು ಎಲ್ಲಕ್ಕಿಂತ ಜೋರು. ಡಾಕ್ಟರು ಸೀಸ ಅಂದ ಕೂಡಲೇ ನಮಗೆ ಬೇರೆ ವಿಳಾಸ ಬೇಕಾಗಲಿಲ್ಲ. ಶೆಡ್ಡಿನ ಗೇಟಿಗೆ ಹೋಗಿ ಕೂತೆವು. ಶೆಡ್ಡಿನ ಸೀಸ ನೆಲಕ್ಕೆ ಇಳಿದು ನಮ್ಮ ಪೈಪಿಗೆ ಸೇರ್ತಿದೆ, ಮುಚ್ಚಿಸಿ ಅಂದೆವು. ಅಧಿಕಾರಿಗಳು ಬರುವ ವಾರ ವಿಚಾರಣೆ ಇಡ್ತೀವಿ, ಸಾಕ್ಷಿ ತನ್ನಿ ಅಂದರು.

ಸಾಕ್ಷಿ ನಮ್ಮ ಮನೆಯಲ್ಲೇ ಇತ್ತಲ್ಲ. ನಾನು ಹೋಗಿ ಅವಳನ್ನು ಕೇಳಿದೆ. ಅವಳು ಮನೆಮನೆಗೆ ಒಂದೊಂದು ಬಾಟಲಿ ಕಳಿಸಿ, ಬೆಳಿಗ್ಗೆ ಎದ್ದು ನಲ್ಲಿ ನೀರು ತುಂಬಿಸಿ ಕೊಡಿ ಅಂದಳು. ಮೇಷ್ಟ್ರು ಆಗಲೇ ಭಾಷಣ ಬರೆದಿಟ್ಟಿದ್ದರು, ಸೀಸದ ಅಂಕಿ ತುಂಬೋಕೆ ಜಾಗ ಬಿಟ್ಟು.

ಅವತ್ತು ಯಂತ್ರದ ಮುಂದೆ ನಡೆದದ್ದು ಇಷ್ಟು. ಮೊದಲ ಬಾಟಲಿ: ಏನಿಲ್ಲ. ಶೆಡ್ಡಿನ ಗೋಡೆಗೆ ಅಂಟಿದ ಮನೆಯದು: ಏನಿಲ್ಲ. ಟೈಲರ್ ಮನೆಯದು: ಏನಿಲ್ಲ. ಟೈಲರ್ ಒಂದೊಂದು ಬಾಟಲಿಗೂ ಸ್ಟೂಲಿನ ಅಂಚಿಗೆ ಜರುಗುತ್ತಿದ್ದ. ಬೀದಿಯ ತುತ್ತತುದಿಯ ಮನೆ, ಶೆಡ್ಡಿಗೆ ಎಲ್ಲರಿಗಿಂತ ದೂರ ಇರುವ ಕಟಿಂಗ್ ಶಾಪಿನವನ ಬಾಟಲಿಗೆ ಕೊಳವೆ ಇಳಿಸಿದಳು. ಅಂಕಿ ಎಗರಿತು. ತೊಳೆದು ಮತ್ತೆ ಇಳಿಸಿದಳು. ಮತ್ತೆ ಎಗರಿತು.

ಆಗ ಅವಳು ನಕ್ಕಿದ್ದು.

ಟೈಲರ್ ಹೋದ ಮೇಲೆ ನಾನು ಅವಳನ್ನು ಕಾರಿಡಾರಿಗೆ ಎಳೆದುಕೊಂಡು ಹೋದೆ. "ನಿನಗೇನು ಬುದ್ಧಿಗಿದ್ದಿ ಇದೆಯೇನೆ? ಅವನ ಮಗಳು ಆಸ್ಪತ್ರೇಲಿ, ನೀನಿಲ್ಲಿ ಹಲ್ಲು ಕಿಸೀತೀಯ?"

ಅವಳ ಮುಖ ಬಿಳಿಚಿತು. ಆದರೆ ಕಣ್ಣಿನ ಹೊಳಪು ಆರಲಿಲ್ಲ. ಅದು ನನ್ನನ್ನು ಇನ್ನೂ ಕೆರಳಿಸಿತು. "ತಪ್ಪಾಯ್ತು ಅತ್ತಿಗೆ. ಅವರ ಮುಂದೆ ನಗಬಾರದಿತ್ತು," ಅಂದಳು. "ಆದ್ರೆ ನೀವು ಆ ಗೋಡೌನು ಕುಸಿದಾಗ ಅಗೆಯೋಕೆ ಹೋಗಿದ್ರಲ್ಲ. ಅರ್ಧ ದಿನ ಮಣ್ಣು ಎತ್ತಿ ಎತ್ತಿ ಕೈ ಬಿದ್ದುಹೋಗಿದ್ದಾಗ ಕೆಳಗಿಂದ ಯಾರೋ ತಟ್ಟಿದ್ರು ಅಂದ್ರಿ. ಆಗ ನೀವೇನು ಮಾಡಿದ್ರಿ?"

"ಕೂಗಿದ್ವಿ."

"ಅಳಲಿಲ್ಲವಲ್ಲ, ಅಯ್ಯೋ ಕೆಳಗೆ ಮನುಷ್ಯ ಸಿಕ್ಕೊಂಡಿದ್ದಾನೆ ಅಂತ? ಖುಷಿಯಿಂದ ಕೂಗಿದ್ರಿ. ಯಾಕಂದ್ರೆ ಎಲ್ಲಿ ಅಗೀಬೇಕು ಅಂತ ಗೊತ್ತಾಯ್ತು. ಇದೂ ಅಷ್ಟೇ. ಇಷ್ಟು ವರ್ಷ ನಾನು ತಟ್ತೀನಿ, ನೀರು ಮಾತಾಡಲ್ಲ. ಇವತ್ತು ಒಳಗಿಂದ ಯಾರೋ ತಟ್ಟಿದ್ರು. ಅದೂ ಎಲ್ಲಿಂದ? ನಾನಾಗಲಿ ನೀವಾಗಲಿ ಕನಸಲ್ಲೂ ಅಂದ್ಕೊಳ್ಳದ ಮನೆಯಿಂದ. ನಾವು ಅಂದ್ಕೊಂಡ ಹಾಗೇ ಬಂದಿದ್ರೆ, ನನ್ನ ಆಸೆಯೇ ಪರದೆ ಮೇಲೆ ಕಾಣ್ತಿದೆಯೇನೋ ಅಂತ ಅನುಮಾನ ಪಡ್ತಿದ್ದೆ. ಇದು ನನ್ನ ತಲೆಯಿಂದ ಬಂದದ್ದಲ್ಲ, ಅತ್ತಿಗೆ. ಹೊರಗಿಂದ ಬಂದದ್ದು."

ನನಗೆ ಅರ್ಧ ಅರ್ಥವಾಯಿತು, ಇನ್ನರ್ಧಕ್ಕೆ ಸಿಟ್ಟು ಅಡ್ಡ ಬಂತು.

ಅವಳ ಪ್ರಯೋಗಾಲಯದಲ್ಲಿ ಒಂದು ಪದ್ಧತಿ ಇದೆ. ಅದಕ್ಕೆ "ಕೆಡವೋ ಟೀ" ಅಂತ ಹೆಸರು. ಯಾರಿಗಾದರೂ ಏನಾದರೂ ಹೊಸದು ಸಿಕ್ಕರೆ ಅವರೇ ಎಲ್ಲರಿಗೂ ಟೀ ಮಾಡಿಕೊಡಬೇಕು. ಆ ಟೀ ಕುಡಿಯುತ್ತಾ ಮಿಕ್ಕವರೆಲ್ಲ ಸೇರಿ ಅದರಲ್ಲಿ ತಪ್ಪು ಹುಡುಕಿ ಅದನ್ನು ಕೆಡವಬೇಕು. ಯಾರು ಕೆಡವುತ್ತಾರೋ ಅವರಿಗೆ ಬಿಸ್ಕತ್ತಿನ ಪೊಟ್ಟಣ. ನಮ್ಮ ಬೀದಿಯ ಹೋರಾಟದಲ್ಲಿ ಇಂಥ ಪದ್ಧತಿ ಇದ್ದಿದ್ದರೆ ನಾವು ಎಷ್ಟು ಸಲ ಗಾಳಿಗೆ ಗುದ್ದಿ ಮೈ ನೋಯಿಸಿಕೊಳ್ಳೋದು ತಪ್ಪುತ್ತಿತ್ತೋ.

ಅವತ್ತು ಟೀ ಕೊಟ್ಟಾಗ ಅವಳ ಮೇಲಧಿಕಾರಿ, ದಪ್ಪ ಕನ್ನಡಕದ ಹಿರಿಯರು, ಒಂದು ಗುಟುಕು ಕುಡಿದು ಕೇಳಿದರು: "ಆ ಮನೆಯವನ ಕೆಲಸ ಏನು?"

"ಕಟಿಂಗ್ ಶಾಪು, ಸರ್."

"ಕೂದಲಿಗೆ ಬಣ್ಣ ಹಚ್ತಾನಾ?"

ಕೆಲವು ತಲೆಗೂದಲ ಬಣ್ಣಗಳಲ್ಲಿ ಸೀಸ ಇರುತ್ತದಂತೆ. ಅದೇ ಕೈಯಲ್ಲಿ ಬಾಟಲಿ ಮುಚ್ಚಳ ಬಿಚ್ಚಿದರೆ ಸಾಕಂತೆ. ಬಿಸ್ಕತ್ತು ದಪ್ಪ ಕನ್ನಡಕಕ್ಕೆ ಹೋಯಿತು. ಇವಳು ಖಾಲಿ ಲೋಟಗಳನ್ನು ತೊಳೆದು, ತಲೆ ತಗ್ಗಿಸಿ ಮನೆಗೆ ಬಂದಳು. ನಮ್ಮಮ್ಮ ನನ್ನ ಕಿವಿಯಲ್ಲಿ, "ಬೆಳಿಗ್ಗೆ ಸಿಕ್ಕ ನಿಧಿ ಸಂಜೆಗೆ ಹೆಂಚಿನ ಚೂರಾಯ್ತಂತೆ. ಅದೇನು ಕೆಲಸಾನೋ ತಾಯಿ," ಅಂದಳು.

ಈ ಕಡೆ ಮೇಷ್ಟ್ರಿಗೆ ಮಾತ್ರ ನಿಧಿ ನಿಧಿಯೇ. ನನ್ನನ್ನು ಕರೆಸಿದರು. "ಒಂದು ಬಾಟಲಿ ಸಾಕು ಕಣಮ್ಮ! ನೀರಲ್ಲಿ ಸೀಸ ಅಂತ ಕಾಗದದ ಮೇಲೆ ಬರೆದುಕೊಡೋಕೆ ಹೇಳು. ಯಾರ ಮನೆ, ಎಷ್ಟು ದೂರ, ಅದೆಲ್ಲ ಬೇಡ."

ಅವಳಿಗೆ ಹೇಳಿದೆ. ಉತ್ತರ ಗೊತ್ತಿತ್ತಲ್ಲ. "ತಡೀರಿ."

"ತಡೆಯೋಕೆ ಟೈಮೆಲ್ಲಿದೆ? ವಿಚಾರಣೆ ಮುಂದಿನ ವಾರ."

"ಆ ಕೈಗೆ ಬಣ್ಣ ಇತ್ತೋ ಇಲ್ವೋ ನೋಡ್ಬೇಕು. ನೀವೂ ಬನ್ನಿ, ನನ್ನ ಮುಖ ನೋಡಿದ್ರೆ ಬಾಗಿಲು ಹಾಕ್ಕೊಳ್ತಾರೆ."

ಕಟಿಂಗ್ ಶಾಪಿನವನು ಒಂಟಿ ಮನುಷ್ಯ. ಬೀದಿಗೆಲ್ಲ ಅವನು "ಸೋಮಾರಿ" ಅಂತಲೇ ಪರಿಚಯ. ಅಂಗಡಿ ತೆಗೆಯೋ ಹೊತ್ತಿಗೆ ಗಿರಾಕಿಗಳ ಗಡ್ಡ ಇನ್ನಷ್ಟು ಬೆಳೆದಿರುತ್ತಿತ್ತು. ನಾವು ಹೋಗಿ ಬಾಗಿಲು ಬಡಿದಾಗ ಬಿಸಿಲು ನೆತ್ತಿಗೆ ಬರುತ್ತಿತ್ತು, ಅವನು ಹೊದಿಕೆ ಸುತ್ತಿಕೊಂಡೇ ಬಂದ. ಬಾಟಲಿ ವಿಷಯ ಎತ್ತಿದ ಕೂಡಲೇ ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿಕೊಂಡ.

"ನಾನೇನೂ ಮಾಡಿಲ್ಲ ಅಕ್ಕ. ಬಣ್ಣಗಿಣ್ಣ ಹಚ್ಚೋದು ನಿಲ್ಲಿಸಿ ಎಷ್ಟು ಕಾಲ ಆಯ್ತು. ಯಾರಿಗೆ ಬೇಕು ಆ ರಗಳೆ!"

"ಹಾಗಾದ್ರೆ ಹೇಗೆ ತುಂಬಿಸಿದ್ರಿ ಹೇಳಿ," ಅಂದಳು ಇವಳು.

ಅವನು ನೆಲ ನೋಡಿದ. "ಹೇಳಿದ್ರೆ ಟೈಲರ್‌ಗೆ ಹೇಳಬಾರದು. ಬಾಟಲಿ ತಗೊಂಡು ಹೋಗೋಕೆ ಅವನು ಬಂದು ಬಾಗಿಲು ಬಡಿದಾಗಲೇ ನನಗೆ ಎಚ್ಚರ ಆಗಿದ್ದು. ಮುಖಾನೂ ತೊಳೀಲಿಲ್ಲ. ನಲ್ಲಿ ಕೆಳಗೆ ಹಿಡಿದೆ, ತುಂಬ್ತು, ಕೊಟ್ಟೆ. ಬೇರೆಯವರೆಲ್ಲ ಅಚ್ಚುಕಟ್ಟಾಗಿ ಕೊಟ್ಟಿರ್ತಾರೆ..."

"ಬೇರೆಯವರು ಹೇಗೆ ಕೊಟ್ಟಿರ್ತಾರೆ?"

"ಮತ್ತೆ? ಮೇಡಂ ಪರೀಕ್ಷೆಗೆ ಕೇಳಿದ್ದಾರೆ ಅಂದ್ರೆ ಪೈಪಲ್ಲಿ ನಿಂತ ಹಳಸಲು ನೀರು ಕೊಡ್ತಾರಾ? ಚೆನ್ನಾಗಿ ಹರಿಯೋಕೆ ಬಿಟ್ಟು, ಬಾಟಲಿ ತೊಳೆದು, ತಣ್ಣಗಿನ ತಿಳಿ ನೀರು ತುಂಬಿಸಿರ್ತಾರೆ. ನಾನೊಬ್ಬ ದರಿದ್ರದವನು."

ಅವಳು ಅಲ್ಲೇ ಹೊಸ್ತಿಲ ಮೇಲೆ ಕೂತುಬಿಟ್ಟಳು. ನಾನು ತಲೆ ಸುತ್ತು ಬಂತೇನೋ ಅಂದುಕೊಂಡೆ. ಮೇಲೆ ನೋಡಿದಳು, ಮತ್ತೆ ಅದೇ ಹಾಳು ಹೊಳಪು. ಈ ಸಲ ನಗೆ ನುಂಗಿಕೊಂಡಳು. "ಅತ್ತಿಗೆ, ನಾನು ಪೆದ್ದಿ. ಹರಿಸಬೇಡಿ ಅಂತ ಹೇಳಲೇ ಇಲ್ಲ. ಇಡೀ ಬೀದಿ ಮರ್ಯಾದೆಯಿಂದ ನನಗೆ ಸೀಸ ತೊಳೆದು ಕೊಟ್ಟಿದೆ."

ಮರುದಿನದಿಂದ ನಾನೇ ಮನೆಮನೆಗೆ ಹೋಗಿ ಕೇಳಿಕೊಂಡೆ, ಕಾಲು ಹಿಡಿಯುವುದೊಂದು ಬಾಕಿ: ಬೆಳಿಗ್ಗೆ ಎದ್ದ ಕೂಡಲೇ, ಬೇರೆ ಯಾರೂ ನಲ್ಲಿ ಮುಟ್ಟೋಕೆ ಮುಂಚೆ, ಮೊದಲ ನೀರು ಹಿಡಿದು ಕೊಡಿ. ಅವಳ ಹೆಸರು ಹೇಳಲಿಲ್ಲ. ಹೇಳಿದ್ದರೆ ಬಾಟಲಿಯಲ್ಲಿ ನೀರಿನ ಬದಲು ಇನ್ನೇನು ತುಂಬಿಸುತ್ತಿದ್ದರೋ.

ಈ ಸಲ ಪ್ರತಿ ಬಾಟಲಿಯಲ್ಲೂ ಸೀಸ. ಶೆಡ್ಡಿನ ಹತ್ತಿರದ ಮನೆಗೂ, ಸೋಮಾರಿಯ ಮನೆಗೂ ಅಂಥ ವ್ಯತ್ಯಾಸ ಇಲ್ಲ. ಆದರೆ ಶೆಡ್ಡಿನ ಗೋಡೆಗೆ ಒರಗಿ ನಿಂತ ಬೀದಿ ಮೂಲೆಯ ಹಳೇ ಕಬ್ಬಿಣದ ನಲ್ಲಿ ಇದೆಯಲ್ಲ, ಈಗ ಲಾರಿ ತೊಳೆಯೋಕೆ ಮಾತ್ರ ಬಳಸುವುದು, ಅದರ ಮೊದಲ ನೀರಲ್ಲಿ ಸೀಸವೇ ಇಲ್ಲ. ಅದೇ ಟ್ಯಾಂಕು, ಅದೇ ಪೈಪು, ಅದೇ ನೆಲ. ಬೇರೆ ಇದ್ದದ್ದು ನಲ್ಲಿ ಒಂದೇ.

"ಅತ್ತಿಗೆ, ವಿಷ ಶೆಡ್ಡಿಂದ ನೀರಿಗೆ ಬಂದಿಲ್ಲ. ನಲ್ಲಿಯಿಂದ ಬಂದಿದೆ," ಅಂದಳು. "ಎಲ್ಲೆಲ್ಲಿಯದೋ ಗುಜರಿ ಕರಗಿಸಿ ಎರಕ ಹೊಯ್ದ ನಲ್ಲಿ. ನೀರು ಅದರೊಳಗೆ ಹೆಚ್ಚು ಹೊತ್ತು ನಿಂತಷ್ಟೂ ಅದು ಸೀಸ ಬಿಡುತ್ತೆ. ಹರಿಸಿದ್ರೆ ತೊಳೆದುಹೋಗುತ್ತೆ."

ನಾವು ಲಾಠಿ ತಿಂದು ತಂದ ನಲ್ಲಿ. ದೀಪದ ಬುಡದಲ್ಲಿ ಕತ್ತಲೆ ಅನ್ನೋದು ಗಾದೆಯಾಗಿ ಕೇಳೋಕೆ ಚಂದ, ಬುಡದಲ್ಲಿ ಕೂತವರಿಗೆ ಅಲ್ಲ.

ಅವತ್ತೇ ಸಂಜೆ ಮೇಷ್ಟ್ರ ಮನೆಯಲ್ಲಿ ಬೀದಿಯ ಜನ ಸೇರಿದರು. ಅವಳು ನಿಂತು ಹೇಳಿದಳು: ಬೆಳಿಗ್ಗೆ ನೀರು ಹರಿಯೋಕೆ ಬಿಟ್ಟು ಆಮೇಲೆ ಕುಡಿಯಿರಿ, ಇವತ್ತಿಂದಲೇ. ವಿಚಾರಣೆಯಲ್ಲಿ ನಾನು ನಲ್ಲಿ ಬಗ್ಗೆ ಹೇಳ್ತೀನಿ.

ಮೇಷ್ಟ್ರು ತಲೆಯ ಮೇಲೆ ತೂಗುತ್ತಿದ್ದ ತಮ್ಮದೇ ಫೋಟೋ ಕೆಳಗೆ ಕೂತಿದ್ದರು. "ಹೇಳಮ್ಮ, ಹೇಳು. ಶೆಡ್ಡಿನ ಮಾಲೀಕ ಡ್ಯಾನ್ಸ್ ಮಾಡ್ತಾನೆ. ನಾವು ಹೋರಾಡಿ ನಮ್ಮ ಮಕ್ಕಳಿಗೇ ವಿಷ ಕುಡಿಸಿದ್ವಿ ಅಂತ ಅವನು ಬೋರ್ಡು ಬರೆಸ್ತಾನೆ. ನಿನ್ನ ವಿಜ್ಞಾನ ವಿಚಾರಣೆ ಮುಗಿದ ಮೇಲೆ ಇಟ್ಕೊಳ್ಳೋಕಾಗಲ್ವಾ?"

"ಆಗಲ್ಲ ಮೇಷ್ಟ್ರೇ. ಅವರು ಶೆಡ್ಡು ಮುಚ್ಚಿಸಿದ್ರೆ ನೀವು ಗೆದ್ವಿ ಅಂತ ಮನೆಗೆ ಹೋಗ್ತೀರಿ. ಮಕ್ಕಳು ಅದೇ ನಲ್ಲಿ ನೀರು ಕುಡೀತಾರೆ."

ಟೈಲರ್ ಗೋಡೆಗೆ ಒರಗಿ ನಿಂತಿದ್ದವನು ಬಾಯಿ ತೆಗೆದ. "ಶೆಡ್ಡಿನವನು ಎಷ್ಟು ಕೊಟ್ಟ?"

ನನ್ನ ಕೈ ತಾನಾಗಿ ಚಪ್ಪಲಿ ಕಡೆ ಹೋಯಿತು. ಆದರೆ ಚಪ್ಪಲಿ ಬಾಗಿಲಾಚೆ ಇತ್ತು, ಒಳ್ಳೇದೇ ಆಯಿತು.

"ನನ್ನ ಮಗಳು ಈ ವಾರ ಮನೆಗೆ ಬರ್ತಾಳೆ," ಅಂದ ಟೈಲರ್. "ನಿನ್ನ ಮಾತು ನಂಬಿ ಶೆಡ್ಡನ್ನ ಬಿಟ್ಟುಬಿಡ್ಬೇಕಾ? ನಕ್ಕೋಳ ಮಾತು?"

"ನಿಮ್ಮ ಮಗಳು ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಏಳ್ತಾಳಾ?" ಅಂತ ಅವಳು ಮೆಲ್ಲಗೆ ಕೇಳಿದಳು.

"ಏಳ್ತಾಳೆ. ಏನೀಗ?"

"ಎದ್ದು ಮೊದಲು ಏನು ಮಾಡ್ತಾಳೆ?"

ಬೀದಿಗೆಲ್ಲ ಗೊತ್ತಿತ್ತು. ಎದ್ದ ಕೂಡಲೇ ಒಂದು ದೊಡ್ಡ ಲೋಟ ನೀರು ಕುಡಿದರೆ ಆರೋಗ್ಯ ಅಂತ ಮಗಳಿಗೆ ಕಲಿಸಿದವನು ಅವನೇ. ಆ ಹುಡುಗಿ ಲೋಟದ ನೀರು ಕುಡಿದು, ಶಾಲೆಯ ಬಾಟಲಿಯನ್ನೂ ಅದೇ ಧಾರೆಯಲ್ಲಿ ತುಂಬಿಸಿ, ಆಮೇಲೆ ಅಪ್ಪನನ್ನು ಎಬ್ಬಿಸುತ್ತಿದ್ದಳು.

"ಸುಳ್ಳು," ಅಂದ ಟೈಲರ್. ಆದರೆ ದನಿ ಗಟ್ಟಿ ಇರಲಿಲ್ಲ. "ನಂಬಬೇಕು ಅಂದ್ರೆ ನಾನೇ ನೋಡ್ಬೇಕು. ನನ್ನ ನಲ್ಲಿ, ನನ್ನ ಕೈ, ನನ್ನ ಬಾಟಲಿ. ನೀವು ಯಾರೂ ಮುಟ್ಟಕೂಡದು," ಅಂದ.

ಬೈಗುಳ ಅಂತ ಅವನು ಎಸೆದದ್ದನ್ನು ಇವಳು ಉಡುಗೊರೆ ಥರ ಹಿಡಿದುಕೊಂಡಳು. "ಅದೇ ಬೇಕಾಗಿದ್ದು! ನಾನು ಮುಟ್ಟೋದೇ ಇಲ್ಲ. ಬಾಟಲಿ ಮಾತ್ರ ಆಸಿಡ್ಡಲ್ಲಿ ತೊಳೆಸ್ಕೊಳ್ಳಿ, ಬೇಕಾದ್ರೆ ಪಕ್ಕದಲ್ಲೇ ನಿಂತು ನೋಡಿ. ಒಂದು ಬೆಳಿಗ್ಗೆ ನಲ್ಲಿ ಹೇಗಿದೆಯೋ ಹಾಗೇ ಮೊದಲ ನೀರು ಹಿಡೀರಿ. ಆಮೇಲೆ ನಲ್ಲೀನ ಬಿಚ್ಚಿ, ಅದನ್ನೇ ಮತ್ತೆ ಕೂರಿಸಿ, ಮರುದಿನ ಬೆಳಿಗ್ಗೆ ಹಿಡೀರಿ. ಅದಾದ ಮೇಲೆ ಪ್ಲಾಸ್ಟಿಕ್ ನಲ್ಲಿ ಹಾಕಿ, ಇನ್ನೊಂದು ಬೆಳಿಗ್ಗೆ."

"ಬಿಚ್ಚಿ ಅದನ್ನೇ ಯಾಕೆ ಕೂರಿಸ್ಬೇಕು? ತಲೆ ಕೆಟ್ಟಿದೆಯಾ?"

"ಹೊಸದು ಹಾಕಿದ್ದಕ್ಕೆ ಸರಿಹೋಯ್ತೋ, ಬಿಚ್ಚಿ ಕಟ್ಟಿದ್ದಕ್ಕೆ ಸರಿಹೋಯ್ತೋ ಗೊತ್ತಾಗ್ಬೇಕಲ್ಲ," ಅಂದಳು ಮೆಕ್ಯಾನಿಕ್ಕನ ಮಗಳು.

ಆ ಬೆಳಗುಗಳು ಹೇಗೆ ಕಳೆದವು ಅಂತ ಬರೆಯೋದು ಕಷ್ಟ. ಅವಳು ಊಟ ಕೆದಕುತ್ತಿದ್ದಳು, ತಿನ್ನುತ್ತಿರಲಿಲ್ಲ. ನನ್ನ ತಮ್ಮ ಪಾಪ ರೇಡಿಯೋ ಹಾಕಿದರೆ ಆರಿಸುತ್ತಿದ್ದಳು. "ಸೋತ್ರೆ ಏನಾಗುತ್ತೆ?" ಅಂತ ಕೇಳಿದೆ. "ಸೋತ್ರೆ ನನ್ನ ಲೆಕ್ಕ ತಪ್ಪು, ಅಷ್ಟೇ. ಅದು ನಾಚಿಕೆ, ನುಂಗ್ಕೋಬಹುದು. ಆದ್ರೆ ಮತ್ತೆ ಎಲ್ಲಿಂದ ಹುಡುಕ್ಲಿ? ಆ ಹುಡುಗಿ ಮನೆಗೆ ಬರ್ತಿದ್ದಾಳೆ," ಅಂದಳು. ಟೈಲರ್ ಅಂಗಡಿಯಲ್ಲಿ ಮಿಷನ್ ಮುಂದೆ ಕೂತಿರುತ್ತಿದ್ದ, ಪೆಡಲ್ ತುಳಿಯುತ್ತಿರಲಿಲ್ಲ. ಅವನು ನಲ್ಲಿ ಬಿಚ್ಚಿ ಅದನ್ನೇ ಕೂರಿಸುವುದನ್ನು ಬೀದಿಯ ಮಂದಿ ನಿಂತು ನೋಡಿ ನಕ್ಕರು. ಸೋಮಾರಿ ಅಂದನಂತೆ: "ಇಷ್ಟು ಕೆಲಸ ಮಾಡೋದಾದ್ರೆ ನಾನು ಸೀಸಾನೇ ಕುಡೀತೀನಿ."

ಕೊನೆಯ ಬಾಟಲಿ ಹಿಡಿದ ದಿನವೇ ವಿಚಾರಣೆ, ಮಧ್ಯಾಹ್ನಕ್ಕೆ. ಬೆಳಿಗ್ಗೆ ಟೈಲರ್ ತನ್ನ ಬಾಟಲಿಗಳನ್ನು ಬಟ್ಟೆ ಚೂರಲ್ಲಿ ಸುತ್ತಿ, ಕೂಸನ್ನು ಹಿಡಿದ ಹಾಗೆ ಹಿಡಿದು ಬಂದ. ಮೇಷ್ಟ್ರೂ ಬಂದರು. ಸೋತರೆ ಅವಳ ಬಾಯಿ ಮುಚ್ಚಿಸೋಕೆ ಅಂತ ನಾನು ಅಂದುಕೊಂಡೆ. ಇರಬಹುದು.

ಜ್ವಾಲೆ ಹೊತ್ತಿಸಿದಳು. ಬಾಟಲಿಗೆ ಕೊಳವೆ ಇಳಿಸುವುದೂ ಟೈಲರ್‌ನ ಕೈಯೇ. ಅವಳು ಕೈ ಹಿಂದಕ್ಕೆ ಕಟ್ಟಿಕೊಂಡು ನಿಂತಿದ್ದಳು.

ನಲ್ಲಿ ಇದ್ದ ಹಾಗೇ ಹಿಡಿದ ನೀರು. ಅಂಕಿ ಏರಿತು, ನಿಂತಿತು. ಟೈಲರ್‌ನ ಕುತ್ತಿಗೆಯ ನರ ಎದ್ದಿತು. ಇದೇ ನೀರನ್ನು ಮಗಳು ಕುಡಿದದ್ದು.

ಬಿಚ್ಚಿ ಕಟ್ಟಿದ ನಲ್ಲಿಯ ನೀರು. ಅಂಕಿ ಏರಿತು, ಮೊದಲಿಗಿಂತ ಒಂದು ಕೂದಲು ಹೆಚ್ಚೇ.

"ಅಂದ್ರೆ?" ಮೇಷ್ಟ್ರು ಕೇಳಿದರು.

"ತಡೀರಿ."

ಪ್ಲಾಸ್ಟಿಕ್ ನಲ್ಲಿಯ ನೀರು. ಟೈಲರ್ ಇಳಿಸಲು ಹೋದ ಕೊಳವೆ ಬಾಟಲಿಯ ಬಾಯಿಗೆ ತಾಗಿತು. ಸೂಜಿಗೆ ದಾರ ಪೋಣಿಸುವ ಕೈ ಅದು, ಗುರಿ ತಪ್ಪಿದ್ದನ್ನು ನಾನು ಯಾವತ್ತೂ ಕಂಡಿರಲಿಲ್ಲ. ಮತ್ತೆ ಇಳಿಸಿದ. ಜ್ವಾಲೆ ಸುಯ್ ಅಂದಿತು. ಅಂಕಿ ಕದಲಿತು. ಕದಲಿ, ಹಿಂದಕ್ಕೆ ಬಂದು, ಸೊನ್ನೆಯ ಹತ್ತಿರ ಕೂತು ತೂಕಡಿಸಿತು.

ಟೈಲರ್ ಪರದೆ ನೋಡಿದ. ಬಾಟಲಿ ನೋಡಿದ. ಮತ್ತೆ ಪರದೆ ನೋಡಿದ. ಆಮೇಲೆ ಅವನ ಗಂಟಲಿಂದ ಏನೋ ಹೊರಟಿತು. ಅಳು ಅಂದುಕೊಂಡೆ. ಅಲ್ಲ, ನಗು. ಕಲ್ಲಿನ ಕಟ್ಟೆಗೆ ಅಂಗೈ ಬಡಿದ. "ಸಿಕ್ತು! ಸಿಕ್ತು ಅಕ್ಕ, ಬಡ್ಡೀಮಗಂದು ಸಿಕ್ತು!"

ತಾನು ಏನು ಮಾಡುತ್ತಿದ್ದೇನೆ ಅಂತ ಅವನಿಗೆ ಹೊಳೆದದ್ದು ಆಮೇಲೆ. ಕೈ ಕಟ್ಟೆಯ ಮೇಲೇ ನಿಂತಿತು. ಅವಳ ಮುಖ ನೋಡೋಕಾಗದೆ ಜ್ವಾಲೆಯನ್ನೇ ನೋಡುತ್ತಾ ನಿಂತ.

ಅವಳು ನಗಲಿಲ್ಲ. "ತಡೀರಿ," ಅಂದಳು, "ಇನ್ನೊಂದು ಸಲ ಇಳಿಸಿ." ಮತ್ತೆ ಇಳಿಸಿದ. ಮತ್ತೆ ಸೊನ್ನೆಯೇ. ದಪ್ಪ ಕನ್ನಡಕದವರು ಹಿಂದೆ ಬಂದು ನಿಂತಿದ್ದದ್ದು ನಮಗೆ ಗೊತ್ತೇ ಆಗಿರಲಿಲ್ಲ. ಬಿಸ್ಕತ್ತಿನ ಪೊಟ್ಟಣವನ್ನು ಕಟ್ಟೆಯ ಮೇಲೆ ಇಟ್ಟು ಹೋದರು. ಕೆಡವೋಕೆ ಆಗದಿದ್ದಾಗ ಹಾಗೆ ಮಾಡುತ್ತಾರಂತೆ.

ವಿಚಾರಣೆಯಲ್ಲಿ ಶೆಡ್ಡಿನ ಮಾಲೀಕ ಮುಂದಿನ ಕುರ್ಚಿಯಲ್ಲೇ ಕೂತಿದ್ದ. ಟೈಲರ್ ಎದ್ದು ಹೋಗಿ ಬಟ್ಟೆ ಚೂರು ಬಿಚ್ಚಿ, ಹಳದಿ ನಲ್ಲಿಯನ್ನು ಅಧಿಕಾರಿಗಳ ಮೇಜಿನ ಮೇಲೆ ಠಕ್ ಅಂತ ಇಟ್ಟ. "ಇದು ನಮ್ಮದೇ ನಲ್ಲಿ. ನಾವೇ ಕೂಗಿ ತಗೊಂಡದ್ದು, ನೀವೇ ಕೊಂಡು ಕೊಟ್ಟದ್ದು. ಇದರಿಂದ ಬರೋ ಮೊದಲ ಲೋಟ ನೀರು ನೀವು ಕುಡೀರಿ, ಆಮೇಲೆ ಮಾತಾಡೋಣ." ಮಾಲೀಕನ ಮುಖ ಅರಳಿತು. ಮೇಷ್ಟ್ರು ಕೈಲಿದ್ದ ಭಾಷಣ ಒಮ್ಮೆ ನೋಡಿದರು. ಅದನ್ನು ಮಡಚಿ ಜೇಬಿಗಿಟ್ಟು ಎದ್ದು, "ಬೀದಿಯ ಎಲ್ಲಾ ನಲ್ಲಿ ಬದಲಾಗೋ ತನಕ ನಾವು ಇಲ್ಲಿಂದ ಏಳಲ್ಲ," ಅಂದರು. ಏಳಲೂ ಇಲ್ಲ. ಕೂರೋದು ನಮಗೆ ಬರುವ ವಿದ್ಯೆ. ಕಚೇರಿಯವರು ಕುರ್ಚಿ ಬೇಕು, ಕೋಣೆ ಬೇಕು, ಬೀಗ ಹಾಕ್ಬೇಕು ಅಂತ ಗೋಗರೆದು, ಕೊನೆಗೆ ಒಪ್ಪಿ ಆದೇಶಕ್ಕೆ ಸಹಿ ಹಾಕಿದ ಮೇಲೆಯೇ ನಾವು ಎದ್ದದ್ದು. ಮೇಷ್ಟ್ರ ಮನೆಯ ಫೋಟೋ ಹಾಗೇ ಇದೆ. ನಲ್ಲಿ ಬದಲಾಗಿದೆ.

ಸಹಿ ಆಗುವ ಹೊತ್ತಿಗೆ ಶೆಡ್ಡಿನ ಮಾಲೀಕ ಅವಳ ಹತ್ತಿರ ಬಂದು ಕೈ ಜೋಡಿಸಿದ. "ಬಹಳ ಉಪಕಾರ ಆಯ್ತು ಮೇಡಂ. ನಮ್ಮ ಮೇಲಿನ ಅಪವಾದ ತೊಳೆದ್ರಿ."

"ತಡೀರಿ," ಅಂದಳು ಅವಳು. "ನೀರಿಗೆ ನಿಮ್ಮದು ಬಂದಿಲ್ಲ, ಅಷ್ಟು ಗೊತ್ತಾಯ್ತು. ನಿಮ್ಮ ಗೇಟಿನ ಮುಂದಿನ ಮಣ್ಣು ಒಂದು ಚಮಚ ಕೊಡ್ತೀರಾ? ಮಕ್ಕಳು ಅಲ್ಲೇ ಗೋಲಿ ಆಡ್ತಾರೆ."

ಮಾಲೀಕನ ಜೋಡಿಸಿದ ಕೈ ಮೆಲ್ಲಗೆ ಬೇರೆಯಾಯಿತು.

ಟೈಲರ್ ನನ್ನ ಪಕ್ಕಕ್ಕೆ ಬಂದು ಮೊಣಕೈಯಿಂದ ತಿವಿದ. "ಅಕ್ಕ, ಆ ಕಣ್ಣು ನೋಡಿ. ಶುರುವಾಯ್ತು." ಆಮೇಲೆ ಚೀಲ ಹೆಗಲಿಗೇರಿಸಿದ. ಮಗಳನ್ನು ಆಸ್ಪತ್ರೆಯಿಂದ ಕರೆತರೋ ಹೊತ್ತಾಗಿತ್ತು. ಬಾಗಿಲವರೆಗೆ ಹೋದವನು ತಿರುಗಿ ನಿಂತು ಅವಳಿಗೆ ಕೂಗಿ ಹೇಳಿದ: "ಮೇಡಂ, ಮಣ್ಣು ತರೋಕೆ ಚೀಲ ಬೇಕಾದ್ರೆ ಹೇಳಿ ಕಳಿಸಿ. ನಾನೇ ಹೊಲಿದುಕೊಡ್ತೀನಿ."